ಕೌಂಟರಿನಲ್ಲಿ ಕೂತವರಿಗೇ ಮೊದಲ ಪಾಠ ಬೇಕು

ಶಿವಮೊಗ್ಗ ಮತ್ತು ಭದ್ರಾವತಿಯ ನರ್ಸಿಂಗ್ ಹೋಮು, ಲ್ಯಾಬು, ಪತ್ತಿನ ಸಹಕಾರ ಸಂಘ, ಶಾಲೆ, ಟ್ಯೂಷನ್ ಕೇಂದ್ರಗಳಲ್ಲಿ ದುಡಿಯುವವರಿಗೆ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನನ್ನು ಕನ್ನಡದಲ್ಲಿ ಕಲಿಸುವ ತರಬೇತಿ ಇಲ್ಲೇ, ಈ ಎರಡು ಊರುಗಳಲ್ಲೇ ನಡೆಯಬೇಕು ಎಂದು ನಾವು ಕೆಲವರು ಹೇಳುತ್ತ ಬಂದಿದ್ದೇವೆ. ಹೇಳಿದ ಕಡೆಯೆಲ್ಲ ಆಕ್ಷೇಪ ಎದ್ದಿದೆ. ಎತ್ತಿದವರು ವ್ಯಾಪಾರಿಗಳು, ವೈದ್ಯರು, ಸಂಘಗಳ ನಿರ್ದೇಶಕರು, ಮಾಹಿತಿ ಹಕ್ಕಿಗಾಗಿ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದವರು. ಊರಿನ ಬಗ್ಗೆ ಕಾಳಜಿ ಇರುವವರೇ. ಅವರ ಒಂದೊಂದು ಮಾತಿಗೂ ಉತ್ತರ ಕೊಡುವುದು ನಮ್ಮ ಹೊಣೆ. ಒಪ್ಪಬೇಕಾದ್ದನ್ನು ಒಪ್ಪಿಯೇ ಉತ್ತರಿಸುತ್ತೇನೆ.

ಮೊದಲ ಆಕ್ಷೇಪ: ಇದು ಬೆಂಗಳೂರಿನ ಐಟಿ ಕಂಪನಿಗಳ ತಲೆನೋವು, ನಮ್ಮೂರಿಗೇಕೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ಅದರಲ್ಲಿ ಬೆಂಗಳೂರು, ಭದ್ರಾವತಿ ಎಂಬ ಭೇದವಿಲ್ಲ. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಯಾರದ್ದಾದರೂ ಹೆಸರು, ನಂಬರು, ರೋಗದ ವಿವರ, ಖಾತೆಯ ವಿವರ ಇಟ್ಟುಕೊಂಡವರೆಲ್ಲ ಅದರ ವ್ಯಾಪ್ತಿಗೆ ಬರುತ್ತಾರೆ. ಮೊದಲು ಕಾಗದದ ಫಾರ್ಮಿನಲ್ಲಿ ಬರೆಸಿಕೊಂಡು ಆಮೇಲೆ ಟೈಪ್ ಮಾಡಿದ್ದರೂ ಬಿಡುಗಡೆಯಿಲ್ಲ. ಕಾಯ್ದೆಯೇ ತನ್ನೊಳಗೆ ಕೊಡುವ ಉದಾಹರಣೆಗಳಲ್ಲಿ ಒಂದು ಔಷಧಿ ಅಂಗಡಿಯದು. ಗಿರಾಕಿ ಮಾತ್ರೆ ಕೊಂಡು, ರಸೀದಿಯನ್ನು ಮೊಬೈಲಿಗೆ ಕಳಿಸಿ ಎಂದು ನಂಬರು ಕೊಟ್ಟರೆ ಅಂಗಡಿಯವರು ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು, ಅಷ್ಟೇ. ಶಿವಮೊಗ್ಗದ ದುರ್ಗಿಗುಡಿಯ ಯಾವುದೇ ಮೆಡಿಕಲ್ ಶಾಪಿಗೆ ಹೋಗಿ ನಿಂತರೂ ಈ ಉದಾಹರಣೆ ಕಣ್ಣೆದುರು ನಡೆಯುತ್ತಿರುತ್ತದೆ. ಹಬ್ಬ ಬಂದಾಗ ಅದೇ ನಂಬರಿಗೆ ಅದೇ ಅಂಗಡಿಯ ರಿಯಾಯಿತಿಯ ಸಂದೇಶ ಬರುವುದೂ ನಡೆಯುತ್ತದೆ. ಮೊದಲನೆಯದಕ್ಕೆ ಕಾನೂನಿನ ಆಸರೆ ಇದೆ, ಎರಡನೆಯದಕ್ಕೆ ಗಿರಾಕಿಯ ಸ್ಪಷ್ಟ ಒಪ್ಪಿಗೆ ಬೇಕು. ಈ ಗೆರೆ ಎಲ್ಲಿದೆ ಎಂದು ಅಂಗಡಿಯ ಹುಡುಗನಿಗೆ ಇದುವರೆಗೆ ಯಾರೂ ಹೇಳಿಕೊಟ್ಟಿಲ್ಲ.

ಶಿವಮೊಗ್ಗವನ್ನು ಸಣ್ಣ ಊರು ಎನ್ನುವವರು ಇಲ್ಲಿ ಎಷ್ಟು ಜನರ ವಿವರ ಕೂಡಿಬಿದ್ದಿದೆ ಎಂದು ಯೋಚಿಸಬೇಕು. 1939ರಲ್ಲಿ ಶುರುವಾದ ಮಾಮ್‌ಕೋಸ್‌ನಂಥ ಅಡಿಕೆ ಮಾರಾಟ ಸಂಘ, ಮೂರು ಜಿಲ್ಲೆಗಳ ಹಾಲು ಉತ್ಪಾದಕರ ಶಿಮುಲ್, ಡಿಸಿಸಿ ಬ್ಯಾಂಕು, ಮೆಗ್ಗಾನ್ ಆಸ್ಪತ್ರೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮಲೆನಾಡಿನ ಒಬ್ಬ ರೈತನ ಪಹಣಿ, ಸಾಲ, ಹಾಲಿನ ಬಿಲ್ಲು, ಮಗಳ ಅಂಕಪಟ್ಟಿ, ಹೆಂಡತಿಯ ಸ್ಕ್ಯಾನಿಂಗ್ ವರದಿ ಎಲ್ಲವೂ ಈ ಎರಡು ಊರುಗಳ ಕಂಪ್ಯೂಟರುಗಳಲ್ಲೇ ಇರಬಹುದು.

ಕರಾವಳಿಯಲ್ಲಿ ಆದದ್ದು ನಮಗೆ ಎಚ್ಚರಿಕೆಯಾಗಬೇಕಿತ್ತು. 2023ರಲ್ಲಿ ಮಂಗಳೂರಿನ ಹಲವರ ಖಾತೆಯಿಂದ ಒಟಿಪಿಯೂ ಇಲ್ಲದೆ ಹಣ ಹೋಯಿತು. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಬಳಿ ಬೆರಳಿಟ್ಟು ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯನ್ನೇ ಕಳ್ಳರು ಬಳಸಿದ್ದರು. ಹಣ ಕಳೆದುಕೊಂಡವರಲ್ಲಿ ಹಲವರು ಆಸ್ತಿ ನೋಂದಣಿಗೆಂದು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದವರು. ಬಿಹಾರದಿಂದ ಹಿಡಿದು ತಂದ ಆರೋಪಿಗಳು ನೋಂದಣಿ ಇಲಾಖೆಯ ಕಾವೇರಿ 2.0 ತಾಣದಿಂದ ನೋಂದಣಿ ಪತ್ರಗಳನ್ನು ಇಳಿಸಿಕೊಂಡಿದ್ದರು ಎಂದು ಪೊಲೀಸರು ಹೇಳಿದರು. ಬೆರಳಚ್ಚು ಕಾಣದಂತೆ ಮರೆಮಾಡುವ ಮಾತು ಸರ್ಕಾರದಲ್ಲಿ ಎದ್ದದ್ದು ಹಣ ಹೋದ ಮೇಲೆ. ಕದ್ದವರು ಬೀಗ ಒಡೆದಿರಲಿಲ್ಲ. ಅಷ್ಟು ವಿವರ ಪತ್ರದಲ್ಲಿ ಬಯಲಾಗಿ ಇರಬೇಕೇ ಎಂಬ ಪ್ರಶ್ನೆಯನ್ನು ಅದನ್ನು ಸ್ಕ್ಯಾನ್ ಮಾಡುವ ಮೇಜಿನಲ್ಲಿ ಯಾರೂ ಕೇಳಿರಲಿಲ್ಲ.

ಎರಡನೆಯದು: ಸಣ್ಣವರಿಗೆ ವಿನಾಯಿತಿ ಸಿಗುತ್ತದೆ, ಕಾಯೋಣ.

ಜಿಎಸ್‌ಟಿಯಲ್ಲಿ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ವಹಿವಾಟಿನ ಮಿತಿ ಇದೆ. ಈ ಕಾಯ್ದೆಯಲ್ಲಿ ಅಂಥ ಮಿತಿ ಇಲ್ಲ. 17ನೇ ಕಲಮಿನಲ್ಲಿ ಕೇಂದ್ರ ಸರ್ಕಾರವು ಸ್ಟಾರ್ಟಪ್‌ಗಳೂ ಸೇರಿದಂತೆ ಕೆಲವರನ್ನು ಕೆಲವು ಬಾಧ್ಯತೆಗಳಿಂದ ಬಿಡಬಹುದು ಎಂದಿದೆ ನಿಜ. ಆದರೆ ಹಾಗೆ ಬಿಡಬಹುದಾದ ಪಟ್ಟಿಯಲ್ಲಿ ಎರಡು ಬಾಧ್ಯತೆಗಳು ಇಲ್ಲವೇ ಇಲ್ಲ. ಒಂದು, ಮಾಹಿತಿಯನ್ನು ಭದ್ರವಾಗಿ ಇಡುವುದು. ಇನ್ನೊಂದು, ಸೋರಿದರೆ ತಿಳಿಸುವುದು. ಅತಿ ದೊಡ್ಡ ದಂಡಗಳ ಸಾಲಿನಲ್ಲಿ ಇವೆರಡೂ ಇವೆ: ಮೊದಲನೆಯದಕ್ಕೆ 250 ಕೋಟಿ ರೂಪಾಯಿವರೆಗೆ, ಎರಡನೆಯದಕ್ಕೆ 200 ಕೋಟಿವರೆಗೆ. ವಿನಾಯಿತಿ ಸಿಕ್ಕರೂ ಕಲಿಯಬೇಕಾದ್ದು ಕಡಿಮೆಯಾಗುವುದಿಲ್ಲ.

ಯುಪಿಐ ಬಂದಾಗಲೂ ನಾವು ಹೀಗೆಯೇ ಅಂದುಕೊಂಡಿದ್ದೆವು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೂ ಬೇಕರಿಗಳಿಗೂ ನೋಟಿಸು ಕಳಿಸಿದಾಗ ರಾಜ್ಯದ ವ್ಯಾಪಾರಿಗಳು ಕ್ಯೂಆರ್ ಕೋಡ್ ತೆಗೆದು ನಗದು ಕೇಳಿದರು, ಮುಷ್ಕರಕ್ಕೆ ಕರೆ ಕೊಟ್ಟರು. ತರಕಾರಿ, ಹಾಲಿನಂಥ ಎಷ್ಟೋ ಸರಕಿಗೆ ತೆರಿಗೆಯೇ ಇಲ್ಲ ಎಂಬ ಸರಳ ಸಂಗತಿಯೂ ನೋಟಿಸು ಕೈಗೆ ಬಂದ ಮೇಲೆ ಹಲವರಿಗೆ ತಿಳಿಯಿತು. ಆಗ ಪಟ್ಟ ಆತಂಕ ನೆನಪಿರುವವರು ಕಾಯೋಣ ಎನ್ನಬಾರದು.

ಮೂರನೆಯದು: ಜಾರಿಯಾಗುವುದು 2027ಕ್ಕೆ, ಈಗಲೇ ಏಕೆ?

ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಬಾಧ್ಯತೆಗಳಿಗೆ ಅಲ್ಲಿಂದ 18 ತಿಂಗಳ ಅವಕಾಶ, ಅಂದರೆ 2027ರ ಮೇವರೆಗೆ. ಆದರೆ ಹಿಂದೆ ಪಡೆದ ಒಪ್ಪಿಗೆಯ ಆಧಾರದ ಮೇಲೆ ಇಟ್ಟುಕೊಂಡ ಹಳೆಯ ಮಾಹಿತಿಯ ವಿಷಯದಲ್ಲೂ ಜನರಿಗೆ ಸೂಚನಾಪತ್ರ ಕೊಡಬೇಕೆಂದು ಐದನೇ ಕಲಮು ಹೇಳುತ್ತದೆ. ಇಪ್ಪತ್ತು ವರ್ಷದ ಸದಸ್ಯರ ಕಡತ ಇರುವ ಒಂದು ಪತ್ತಿನ ಸಂಘ ಏನೇನು ಮಾಡಬೇಕಾಗುತ್ತದೆ ನೋಡಿ. ಯಾವ ವಿವರ ಎಲ್ಲಿದೆ ಎಂದು ಹುಡುಕಬೇಕು. ಬೇರೆ ಕಾನೂನಿನ ಪ್ರಕಾರ ಇಡಲೇಬೇಕಾದ್ದು ಯಾವುದು, ಅಳಿಸಬೇಕಾದ್ದು ಯಾವುದು ಎಂದು ಬೇರ್ಪಡಿಸಬೇಕು. ಫಾರ್ಮು ತಿದ್ದಬೇಕು, ಆಡಳಿತ ಮಂಡಳಿಯಲ್ಲಿ ಠರಾವು ಮಾಡಬೇಕು. ಮಹಾಸಭೆ ಸೇರುವುದು ವರ್ಷಕ್ಕೊಮ್ಮೆ. ಹದಿನೆಂಟು ತಿಂಗಳು ಎಂಬುದು ಈ ಕೆಲಸಕ್ಕೆ ಹೆಚ್ಚಿನ ಸಮಯವೇನಲ್ಲ, ಅದರಲ್ಲೂ ಒಂದಷ್ಟು ಆಗಲೇ ಕಳೆದುಹೋಗಿದೆ.

ಸಾಫ್ಟ್‌ವೇರ್ ಕೊಟ್ಟವರು ನೋಡಿಕೊಳ್ಳುತ್ತಾರೆ ಎಂಬ ಮಾತಿಗೆ ಉತ್ತರ ಚಿಕ್ಕದು. ಮಾಹಿತಿ ಸಂಗ್ರಹಿಸಿದ ಸಂಸ್ಥೆಯೇ ಹೊಣೆ, ಬೇರೆಯವರ ಜೊತೆ ಏನೇ ಕರಾರು ಇದ್ದರೂ ಸರಿ ಎಂದು ಎಂಟನೇ ಕಲಮು ಬಿಡಿಸಿ ಹೇಳಿದೆ. ಮೇಲಾಗಿ, ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಬಳಸುವುದನ್ನಾಗಲಿ, ಅದನ್ನು ಮಾನಿಟರಿಗೆ ಚೀಟಿ ಅಂಟಿಸಿ ಬರೆದಿಡುವುದನ್ನಾಗಲಿ ಯಾವ ಸಾಫ್ಟ್‌ವೇರೂ ತಡೆಯಲಾರದು.

ಇನ್ನು ನನ್ನನ್ನು ಹೆಚ್ಚು ನೋಯಿಸಿದ ಆಕ್ಷೇಪ. ನಮ್ಮ ಜನಕ್ಕೆ ಖಾಸಗಿತನದ ಚಿಂತೆಯೇ ಇಲ್ಲ, ಕೇಳಿದವರಿಗೆಲ್ಲ ಆಧಾರ್ ಕೊಡುತ್ತಾರೆ, ಇದು ಉಳ್ಳವರ ಗೀಳು ಎನ್ನುತ್ತಾರೆ.

ಜನ ಕೊಡುತ್ತಾರೆ, ಏಕೆಂದರೆ ಕೊಡದಿದ್ದರೆ ಕೆಲಸ ಆಗುವುದಿಲ್ಲ. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಲು ಹೆಣ್ಣುಮಕ್ಕಳು ಸೇವಾ ಕೇಂದ್ರಗಳ ಮುಂದೆ ನಿಂತಾಗ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಕೈಯಲ್ಲಿ ಹಿಡಿದೇ ನಿಂತಿದ್ದರು. ಜೆರಾಕ್ಸ್ ಅಂಗಡಿಯವರು ವಾಟ್ಸಾಪಿಗೆ ಹಾಕಿ ಎಂದರೆ ಹಾಕಿದರು. ಆ ಫೋಟೊಗಳು ಪ್ರಿಂಟ್ ಆದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಎಷ್ಟು ದಿನ ಉಳಿದವು ಎಂದು ಕೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಅದೇ ವರ್ಷ ಹೆಚ್ಚಿನ ಪಿಂಚಣಿಗೆ ಇಪಿಎಫ್ಒ ಅರ್ಜಿ ಕರೆದಾಗ ದೇಶದ ಎಷ್ಟೋ ನಿವೃತ್ತರು ಆನ್‌ಲೈನ್ ಅರ್ಜಿಗೆ ಸೈಬರ್ ಸೆಂಟರುಗಳನ್ನೇ ನಂಬಬೇಕಾಯಿತು. ವಿಐಎಸ್‌ಎಲ್, ಎಂಪಿಎಂ ಕಾರ್ಖಾನೆಗಳಲ್ಲಿ ಆಯುಸ್ಸು ಸವೆಸಿದವರಿಂದ ತುಂಬಿದ ಭದ್ರಾವತಿಯಲ್ಲಿ ಇಂಥ ನಂಬಿಕೆಯ ಬೆಲೆ ದೊಡ್ಡದು. ಪಿಎಫ್ ಹಣ ಬ್ಯಾಂಕಿನಲ್ಲಿಟ್ಟು ಬದುಕುವ ಎಪ್ಪತ್ತರ ಹಿರಿಯರಿಗೆ ಅವರ ಹೆಸರು, ಹುಟ್ಟಿದ ದಿನ, ಬ್ಯಾಂಕಿನ ಶಾಖೆ ಎಲ್ಲವನ್ನೂ ಸರಿಯಾಗಿ ಹೇಳಿ ಪೊಲೀಸರಂತೆ ಮಾತಾಡುವವನ ಕರೆ ಬಂದರೆ ಅವರು ನಂಬಿಯೇ ನಂಬುತ್ತಾರೆ. ಅಷ್ಟು ವಿವರ ಗೊತ್ತಿರುವುದರಿಂದಲೇ ಡಿಜಿಟಲ್ ಅರೆಸ್ಟಿನ ಮೋಸ ನಡೆಯುತ್ತದೆ.

ಖಾಸಗಿತನ ದೊಡ್ಡ ನಗರದ ಬಯಕೆ ಎಂಬುದು ತಿರುಗುಮುರುಗಾದ ಮಾತು. ಬೆಂಗಳೂರಿನಲ್ಲಿ ಒಬ್ಬರ ವೈದ್ಯಕೀಯ ವರದಿ ತಪ್ಪಿ ಇನ್ನೊಬ್ಬರಿಗೆ ಹೋದರೆ ಅದು ಮುಖ ಕಾಣದ ಯಾರೋ ಒಬ್ಬರ ಕೈ ಸೇರುತ್ತದೆ. ಭದ್ರಾವತಿಯ ನ್ಯೂಟೌನಿನಲ್ಲೋ ಶಿವಮೊಗ್ಗದ ವಿನೋಬನಗರದಲ್ಲೋ ಹಾಗಾದರೆ ಅದು ಪರಿಚಯದವರ ಕೈಗೇ ಬೀಳುತ್ತದೆ. ಲ್ಯಾಬಿನ ಹುಡುಗಿ ಹೆಸರು ನೋಡಿ ಇವರು ಇಂಥವರ ಮಗಳು ಎಂದು ಗುರುತು ಹಿಡಿಯಬಲ್ಲಳು. ಮದುವೆಗೆ ಮಾತುಕತೆ ನಡೆಯುತ್ತಿರುವ ಹೆಣ್ಣುಮಗಳ ಮನೋವೈದ್ಯರ ಚೀಟಿ, ಗಂಡಸೊಬ್ಬನ ಎಚ್‌ಐವಿ ಪರೀಕ್ಷೆ, ಸಾಲದ ಕಂತು ತಪ್ಪಿದ ಮೇಷ್ಟರ ಹೆಸರು ಇವು ಹೊರಗೆ ಬಿದ್ದರೆ ಸಣ್ಣ ಊರಿನಲ್ಲಿ ತಲೆಯೆತ್ತಿ ನಡೆಯಲು ಬೇರೆ ಬೀದಿಯೇ ಇರುವುದಿಲ್ಲ. ಎಚ್‌ಐವಿ ವಿವರ ಗುಟ್ಟಾಗಿಡಬೇಕೆಂದು ಎಚ್‌ಐವಿ-ಏಡ್ಸ್ ಕಾಯ್ದೆಯೂ, ಮನೋರೋಗದ ವಿವರ ಗುಟ್ಟಾಗಿಡಬೇಕೆಂದು ಮಾನಸಿಕ ಆರೋಗ್ಯ ಕಾಯ್ದೆಯೂ 2017ರಿಂದ ಹೇಳುತ್ತಿವೆ. ಅದನ್ನು ಪಾಲಿಸಬೇಕಾದವರಲ್ಲಿ ವೈದ್ಯರು ಓದಿಕೊಂಡಿರುತ್ತಾರೆ. ರಿಸೆಪ್ಷನ್ನಿನಲ್ಲಿ ಕೂತು ರೋಗಿಯ ಹೆಸರನ್ನೂ ಪರೀಕ್ಷೆಯ ಹೆಸರನ್ನೂ ಹಾಲಿನ ತುಂಬ ಕೇಳುವಂತೆ ಕೂಗುವವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ವರದಿ ಕಳಿಸುವಾಗ ಒಂದು ಅಂಕಿ ತಪ್ಪಿ ಬೇರೆ ನಂಬರಿಗೆ ವಾಟ್ಸಾಪ್ ಹೋಯಿತು ಎಂದುಕೊಳ್ಳಿ. ಅಯ್ಯೋ, ಡಿಲೀಟ್ ಮಾಡಿದರಾಯಿತು ಎಂದುಕೊಳ್ಳುತ್ತಾರೆ. ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆಕಸ್ಮಿಕವಾಗಿ ಬಹಿರಂಗವಾದದ್ದೂ ಸೋರಿಕೆಯೇ, ಮಾಹಿತಿ ಕಳೆದು ಕೈಗೆ ಸಿಗದೆ ಹೋದದ್ದೂ ಸೋರಿಕೆಯೇ. ಸಂಬಂಧಪಟ್ಟವರಿಗೆ ತಡಮಾಡದೆ ತಿಳಿಸಬೇಕು. ದತ್ತಾಂಶ ಸಂರಕ್ಷಣಾ ಮಂಡಳಿಗೂ ಕೂಡಲೇ ತಿಳಿಸಿ, 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ಸೋರಿಕೆ ಇಷ್ಟು ಚಿಕ್ಕದಾದರೆ ಹೇಳಬೇಕಿಲ್ಲ ಎಂಬ ರಿಯಾಯಿತಿ ನಿಯಮದಲ್ಲಿಲ್ಲ. ತಪ್ಪಾಗಿದೆ ಎಂದು ಮೊದಲು ಗೊತ್ತಾಗುವುದು ಕೌಂಟರಿನಲ್ಲಿ ಕೂತವರಿಗೆ. ಬೈಗುಳಕ್ಕೆ ಹೆದರಿ ಅವರು ಬಾಯಿ ಮುಚ್ಚಿಕೊಂಡರೆ ಮಾಲೀಕರಿಗೆ ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ತಪ್ಪು ಹೇಳಿಕೊಂಡವರನ್ನು ಕೆಲಸದಿಂದ ತೆಗೆಯುವುದಿಲ್ಲ ಎಂದು ಮಾಲೀಕರು ಎಲ್ಲರೆದುರು ಹೇಳುವುದು ತರಬೇತಿಯ ಮೊದಲ ಅಂಶವಾಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಉಳ್ಳವರ ಗೀಳು ಎನ್ನುವವರಿಗೆ ಇನ್ನೊಂದು ನೆನಪು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪು ಒಬ್ಬ ಕನ್ನಡಿಗರ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಯಾವ ವ್ಯಾಪಾರದ ಹಿತವೂ ಅದರಲ್ಲಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕು ದೆಹಲಿಯ ಕಡತದಲ್ಲಿ ಉಳಿಯದೆ ಶಿವಮೊಗ್ಗದ ಗಾಂಧಿ ಬಜಾರಿನವರೆಗೆ ಬರಬೇಕಾದರೆ ಅದನ್ನು ತರುವವರು ಬೇಕು.

ಶಾಲೆಗಳವರು ಹೇಳುವುದು ಬೇರೆ: ನಮಗೆ ಮಕ್ಕಳ ವಿಷಯದಲ್ಲಿ ವಿನಾಯಿತಿ ಇದೆ. ಇದೆ, ಆದರೆ ಕಲಿಕೆಗೆ ಮತ್ತು ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ ನಿಗಾದ ಮಟ್ಟಿಗೆ. 18 ತುಂಬದವರೆಲ್ಲ ಈ ಕಾಯ್ದೆಗೆ ಮಕ್ಕಳೇ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನವೇ ಎಲ್ಲೆಲ್ಲಿಯ ಪಿಯು ಕಾಲೇಜುಗಳಿಂದಲೋ ಮನೆಗೆ ಕರೆ ಬರುವುದನ್ನು ಕಾಣದ ಪೋಷಕರು ಈ ಜಿಲ್ಲೆಯಲ್ಲಿ ಕಡಿಮೆ. ಮಕ್ಕಳ ನಂಬರಿನ ಪಟ್ಟಿಯನ್ನು ಪ್ರಚಾರಕ್ಕೆಂದು ದಾಟಿಸುವುದು ಯಾವ ವಿನಾಯಿತಿಯಲ್ಲೂ ಬರುವುದಿಲ್ಲ. ಮಕ್ಕಳ ವಿಷಯದ ಲೋಪಕ್ಕೂ ದಂಡದ ಮೇಲ್ಮಿತಿ 200 ಕೋಟಿ.

ಐದಾರು ಜನ ಎತ್ತಿದ ಇನ್ನೊಂದು ಅನುಮಾನ, ಕಾನೂನನ್ನು ಕನ್ನಡದಲ್ಲಿ ಹೇಳಲಾಗದು ಎಂಬುದು. ಒಪ್ಪಿಗೆ ಕೇಳುವ ಪತ್ರವನ್ನೂ ಅದರ ಜೊತೆಗಿನ ಸೂಚನೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗೆ ಇರಬೇಕೆಂದು ಕಾಯ್ದೆಯೇ ವಿಧಿಸಿದೆ. ಭದ್ರಾವತಿಯ ಒಂದು ನರ್ಸಿಂಗ್ ಹೋಮಿನವರು ರೋಗಿಗೆ ಕನ್ನಡದಲ್ಲಿ ಪತ್ರ ಕೊಡಲು ಬಾಧ್ಯರು ಎಂದಾದರೆ, ಆ ಪತ್ರವನ್ನು ರೋಗಿಗೆ ವಿವರಿಸುವ ಸಿಬ್ಬಂದಿ ಅದನ್ನು ಕನ್ನಡದಲ್ಲೇ ತಿಳಿದಿರಬೇಕಲ್ಲವೆ? ಬೆಂಗಳೂರಿನ ಹೋಟೆಲಿನಲ್ಲಿ ಇಂಗ್ಲಿಷ್ ಸ್ಲೈಡು ನೋಡಿ ಬಂದವರು ಅದನ್ನು ಕೌಂಟರಿಗೆ ಬರುವ ಜಾನಪ್ಪನವರಿಗೂ ಶಾರದಮ್ಮನವರಿಗೂ ಹೇಗೆ ಮುಟ್ಟಿಸಿಯಾರು? ಶಿವಮೊಗ್ಗದಲ್ಲಿ ಕಾನೂನು ಕಾಲೇಜಿದೆ, ವಕೀಲರ ಸಂಘವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಕಲಮು ಬಲ್ಲವರು, ಕಂಪ್ಯೂಟರು ಬಲ್ಲವರು ಜೊತೆಗೂಡಿ ಪಾಠ ಸಿದ್ಧಪಡಿಸಲು ಹೊರಗಿನವರನ್ನು ಕಾಯಬೇಕಿಲ್ಲ.

ಇದೆಲ್ಲ ಸರ್ಟಿಫಿಕೇಟ್ ಮಾರುವವರ ದಂಧೆ ಎಂಬ ಆಕ್ಷೇಪದಲ್ಲಿ ನಿಜವಿದೆ, ಮತ್ತು ಅದನ್ನು ನಾನು ಅವರಿಗಿಂತ ಗಟ್ಟಿಯಾಗಿ ಹೇಳುತ್ತೇನೆ. 250 ಕೋಟಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಹೆದರಿಸಿ ಸೀಟು ಮಾರುವುದು ತಪ್ಪು. ಅದು ಮೇಲ್ಮಿತಿ. ದಂಡ ನಿಗದಿ ಮಾಡುವಾಗ ಲೋಪದ ಸ್ವರೂಪ, ಅವಧಿ, ಯಾವ ಬಗೆಯ ಮಾಹಿತಿ, ತಪ್ಪು ಮರುಕಳಿಸಿತೇ, ಸರಿಪಡಿಸಲು ಏನು ಮಾಡಿದರು, ದಂಡ ಆ ಸಂಸ್ಥೆಗೆ ಎಷ್ಟು ಭಾರವಾದೀತು ಎಂಬುದನ್ನೆಲ್ಲ ಮಂಡಳಿ ನೋಡಬೇಕು. ದತ್ತಾಂಶ ರಕ್ಷಣಾ ಅಧಿಕಾರಿಯನ್ನು ನೇಮಿಸಿಕೊಳ್ಳಲೇಬೇಕು, ಅದಕ್ಕೆ ನಮ್ಮ ಕೋರ್ಸು ಮಾಡಿ ಎನ್ನುವವರನ್ನೂ ನಂಬಬೇಡಿ. ಆ ಅಧಿಕಾರಿ ಕಡ್ಡಾಯವಾಗಿರುವುದು ಕೇಂದ್ರ ಸರ್ಕಾರ ವಿಶೇಷವಾಗಿ ಗುರುತಿಸಿ ಅಧಿಸೂಚಿಸುವ ಸಂಸ್ಥೆಗಳಿಗೆ ಮಾತ್ರ. ಉಳಿದವರು ಜನರ ಪ್ರಶ್ನೆಗೆ ಉತ್ತರಿಸುವವರೊಬ್ಬರ ಸಂಪರ್ಕ ವಿವರವನ್ನು ಪ್ರಕಟಿಸಿದರೆ ಸಾಕು.

ನಾವು ಕೇಳುತ್ತಿರುವ ತರಬೇತಿ ಅರ್ಧ ದಿನದ್ದು. ಯಾವ ಕೆಲಸಕ್ಕೆ ಯಾವ ವಿವರ ಕೇಳಬೇಕು, ಯಾವುದು ಬೇಡ. ಖಾಸಗಿ ಸಂಸ್ಥೆ ಆಧಾರನ್ನೇ ಕೊಡಿ ಎಂದು ಪಟ್ಟು ಹಿಡಿಯಲು ಅವಕಾಶ ಕೊಟ್ಟಿದ್ದ ಆಧಾರ್ ಕಾಯ್ದೆಯ 57ನೇ ಕಲಮನ್ನು 2018ರಲ್ಲಿ ಸುಪ್ರೀಂ ಕೋರ್ಟು ಆ ಮಟ್ಟಿಗೆ ತೆಗೆದುಹಾಕಿತು ಎಂಬುದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಪಡೆಯುವುದು ಹೇಗೆ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಏಕೆ. ಸಿಬ್ಬಂದಿಯ ಸ್ವಂತ ಮೊಬೈಲಿನಲ್ಲಿ ಗಿರಾಕಿಯ ದಾಖಲೆ ಏಕೆ ಇರಬಾರದು. ಸೋರಿದರೆ ಮೊದಲ ಗಂಟೆಯಲ್ಲಿ ಯಾರಿಗೆ ಹೇಳಬೇಕು, ಹಣವೇ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಹೇಗೆ. ಇದಕ್ಕೆ ಹೋಟೆಲ್ ಬೇಡ, ಊಟದ ಕೂಪನ್ ಬೇಡ. ಸಹಕಾರ ಸಂಘಗಳು ತಮ್ಮ ಲಾಭದಿಂದ ಸಹಕಾರ ಶಿಕ್ಷಣ ನಿಧಿಗೆ ಹಣ ಕೊಡುತ್ತಲೇ ಇವೆ. ಸದಸ್ಯರ ಮಾಹಿತಿ ಕಾಯುವ ವಿದ್ಯೆ ಸಹಕಾರ ಶಿಕ್ಷಣವಲ್ಲದೆ ಮತ್ತೇನು?

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಮಾಹಿತಿ ಹಕ್ಕಿನ ಗೆಳೆಯರದು. ಈ ಕಾಯ್ದೆ ಸರ್ಕಾರಕ್ಕೆ ಬೇಕಾದಷ್ಟು ರಿಯಾಯಿತಿ ಕೊಟ್ಟಿದೆ, ಮಾಹಿತಿ ಹಕ್ಕನ್ನು ಮೊಟಕು ಮಾಡಿದೆ, ಇಂಥದ್ದನ್ನು ಜನರಿಗೆ ಕಲಿಸುವುದೆಂದರೆ ಅದಕ್ಕೆ ಮರ್ಯಾದೆ ತಂದುಕೊಟ್ಟಂತೆ ಎನ್ನುತ್ತಾರೆ. ಅವರ ದೂರಿನ ಅಂಶಗಳು ಸರಿಯೇ. ಕೇಂದ್ರ ಸರ್ಕಾರ ತಾನು ಅಧಿಸೂಚಿಸಿದ ತನ್ನ ಅಂಗಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಬಹುದು. ದಂಡದ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ. ಮಾಹಿತಿ ಸೋರಿ ನೊಂದವರಿಗೆ ಈ ಕಾಯ್ದೆಯಲ್ಲಿ ಪರಿಹಾರವಿಲ್ಲ, ಐಟಿ ಕಾಯ್ದೆಯಲ್ಲಿ ಪರಿಹಾರಕ್ಕೆ ದಾರಿ ಮಾಡಿದ್ದ 43ಎ ಕಲಮೂ ಇದರಿಂದ ಹೋಗುತ್ತದೆ. ಮಾಹಿತಿ ಹಕ್ಕಿನ 8(1)(ಜೆ) ಕಲಮಿನಲ್ಲಿ ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸಿದ ವಿವರಕ್ಕೆ ಜಾಗವಿತ್ತು. ಈಗ ವೈಯಕ್ತಿಕ ಮಾಹಿತಿ ಎಂಬ ಎರಡೇ ಪದ ಸಾಕು ಎಂಬಷ್ಟಕ್ಕೆ ಅದು ಕುಗ್ಗಿದೆ, ಮತ್ತು ಈ ತಿದ್ದುಪಡಿ ಮಾತ್ರ 18 ತಿಂಗಳು ಕಾಯದೆ 2025ರ ನವೆಂಬರಿನಲ್ಲೇ ಜಾರಿಗೆ ಬಂತು. ಇದನ್ನು ನಾನು ಸಮರ್ಥಿಸುವುದಿಲ್ಲ. ತಿದ್ದುಪಡಿಯ ವಿರುದ್ಧ ಹೋರಾಡುವವರ ಜೊತೆ ನಾನೂ ಇದ್ದೇನೆ.

ಆದರೆ ಅದರಿಂದ ತರಬೇತಿ ಬೇಡ ಎಂಬ ತೀರ್ಮಾನಕ್ಕೆ ಬರುವುದನ್ನು ಒಪ್ಪಲಾರೆ. ಕಾಯ್ದೆ ಅರ್ಧಂಬರ್ಧ ತಿಳಿದ ಅಧಿಕಾರಿಯೇ ಜನರಿಗೆ ಹೆಚ್ಚು ತೊಂದರೆ ಕೊಡುವವನು. ನರೇಗಾ ಕೂಲಿಯ ಹಾಜರಿ ಪಟ್ಟಿಯನ್ನೋ ಮನೆ ಮಂಜೂರಾದವರ ಪಟ್ಟಿಯನ್ನೋ ಕೇಳಿದವರಿಗೆ ಖಾಸಗಿತನ ಎಂದು ಹಿಂಬರಹ ಬರೆದು ಕಳಿಸುವವನು ಅವನೇ. ಸಹಾಯಧನ ಯೋಜನೆಯ ಫಲಾನುಭವಿಗಳ ವಿವರವನ್ನು ತಾನಾಗಿ ಪ್ರಕಟಿಸಬೇಕೆಂದು ಹೇಳುವ ಮಾಹಿತಿ ಹಕ್ಕಿನ ನಾಲ್ಕನೇ ಕಲಮು ಹಾಗೇ ಇದೆ. ಸಾರ್ವಜನಿಕ ಹಿತ ಹೆಚ್ಚೆನಿಸಿದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎನ್ನುವ 8(2) ಕೂಡ ಹಾಗೇ ಉಳಿದಿದೆ. ಫಲಾನುಭವಿಯ ಹೆಸರೂ ಮೊತ್ತವೂ ಗೋಡೆಯ ಮೇಲೆ ಇರಲಿ, ಆಧಾರ್ ಸಂಖ್ಯೆಯೂ ಖಾತೆಯ ಸಂಖ್ಯೆಯೂ ಬೇಡ ಎಂದು ವಿಂಗಡಿಸಲು ಬಲ್ಲ ಅಧಿಕಾರಿ ಭದ್ರಾವತಿ ತಾಲ್ಲೂಕು ಪಂಚಾಯಿತಿಯಲ್ಲೂ ಶಿವಮೊಗ್ಗ ಮಹಾನಗರ ಪಾಲಿಕೆಯಲ್ಲೂ ಬೇಕು. ಹಾಗೆ ವಿಂಗಡಿಸುವುದು ಹೇಗೆ ಎಂಬ ಪಾಠವನ್ನು ಪಾಠಪಟ್ಟಿಯಲ್ಲಿ ಸೇರಿಸಲು, ಅದನ್ನು ಬಂದು ಕಲಿಸಲು ನಾನು ಕರೆಯುತ್ತಿರುವುದು ಈ ಆಕ್ಷೇಪ ಎತ್ತಿದ ಗೆಳೆಯರನ್ನೇ. ಎಷ್ಟೋ ಅರ್ಜಿ, ಮೇಲ್ಮನವಿಗಳಲ್ಲಿ ಈ ಎರಡು ಕಲಮುಗಳನ್ನು ಹಿಡಿದು ವಾದಿಸಿದ ಅನುಭವ ಈ ಊರಿನಲ್ಲಿ ಅವರಿಗಿದ್ದಷ್ಟು ಬೇರೆ ಯಾರಿಗೂ ಇಲ್ಲ.